ಬೆಣ್ಣೆಯ ನಾಡಿನ ಎರಡು ತಿರುವುಗಳು

ಡೆನ್ಮಾರ್ಕ್ ದೇಶದ ಬೆಣ್ಣೆ ಜಗತ್ಪ್ರಸಿದ್ಧವಾದದ್ದು. ಆದರೆ ಆ ನಾಡು ಮೊದಲಿನಿಂದಲೂ ಹೈನಿಗೆ ಹೆಸರಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಅಲ್ಲಿನ ರೈತ ಧಾನ್ಯ ಬೆಳೆದು ಹೊರನಾಡಿಗೆ ಮಾರುತ್ತಿದ್ದ. 1870ರ ದಶಕದಲ್ಲಿ ಅಮೆರಿಕದ ಗೋಧಿ ಉಗಿಹಡಗುಗಳಲ್ಲಿ ಬಂದು ಯೂರೋಪಿನ ಪೇಟೆಯನ್ನು ತುಂಬಿತು; ಧಾನ್ಯದ ಬೆಲೆ ಕುಸಿಯಿತು. ಜರ್ಮನಿ ಸುಂಕದ ಗೋಡೆ ಕಟ್ಟಿಕೊಂಡಿತು. ಡೆನ್ಮಾರ್ಕಿನವರು ಹಾಗೆ ಮಾಡದೆ, ಅಗ್ಗದ ಧಾನ್ಯವನ್ನೇ ಹಸುಗಳಿಗೂ ಹಂದಿಗಳಿಗೂ ಮೇವಾಗಿಸಿದರು.

ಇದು ಹೇಳಿದಷ್ಟು ಸುಲಭವಾಗಿರಲಿಲ್ಲ. ಒಳ್ಳೆಯ ಬೆಲೆ ದೊರೆಯುತ್ತಿದ್ದುದು ಜಮೀನುದಾರರ ಬೆಣ್ಣೆಗೆ ಮಾತ್ರ. ನಾಲ್ಕಾರು ಹಸುಗಳ ಬಡರೈತ ಮನೆಯಲ್ಲೇ ಹಾಲನ್ನು ಅಗಲವಾದ ಪಾತ್ರೆಗೆ ಸುರಿದು, ಕೆನೆ ತಾನಾಗಿ ಮೇಲೇಳುವವರೆಗೆ ಕಾಯಬೇಕು. ಅವನ ಬೆಣ್ಣೆ ಒಂದು ದಿನವಿದ್ದಂತೆ ಇನ್ನೊಂದು ದಿನವಿಲ್ಲ. 1878ರಲ್ಲಿ ಸ್ವೀಡನ್ನಿನ ಡಿ ಲವಾಲ್ ಹಾಲನ್ನು ರಭಸದಿಂದ ತಿರುಗಿಸಿ, ಎಡೆಬಿಡದೆ ಕೆನೆ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ. ಹತ್ತು ಮನೆಗಳ ಹಾಲನ್ನು ಒಂದೆಡೆ ಕೂಡಿಸಿ ಒಂದೇ ಗುಣದ ಬೆಣ್ಣೆ ತೆಗೆಯುವುದು ಸಾಧ್ಯವಾಯಿತು. 1882ರಲ್ಲಿ ಪಶ್ಚಿಮ ಜಟ್ಲೆಂಡಿನ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಸಾಲಕ್ಕೆ ಎಲ್ಲರೂ ಕೂಡಿ ಹೊಣೆನಿಂತು ಸಹಕಾರಿ ಡೇರಿ ತೆರೆದರು. ನಮ್ಮ ಗದಗದ ಬಳಿಯ ಕಣಗಿನಹಾಳದ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದು ಇದಾದ ಇಪ್ಪತ್ತಮೂರು ವರ್ಷಗಳ ಬಳಿಕ, 1905ರಲ್ಲಿ. ಈ ಡೇರಿಗಳಲ್ಲಿ ಮತವೆಣಿಸುತ್ತಿದ್ದುದು ಮನುಷ್ಯರ ತಲೆಯಿಂದ, ಹಸುಗಳ ತಲೆಯಿಂದಲ್ಲ. ಕೆನೆ ತೆಗೆದ ಹಾಲು ರೈತನಿಗೇ ಮರಳಿ, ಹಂದಿಗಳ ಆಹಾರವಾಗುತ್ತಿತ್ತು. 1900ರ ಹೊತ್ತಿಗೆ ಇಂತಹ ಡೇರಿಗಳು ಸುಮಾರು ಸಾವಿರವಾಗಿದ್ದವು.

ಎರಡನೆಯ ತಿರುವು ಬಂದದ್ದು ನೂರು ವರ್ಷಗಳ ಮೇಲೆ. ಎರಡನೆಯ ಮಹಾಯುದ್ಧದ ತರುವಾಯ ರಾಸಾಯನಿಕ ಗೊಬ್ಬರದ ಬಳಕೆ ಏರಿತು. ಹಳ್ಳಿಯ ಚಿಕ್ಕ ಡೇರಿಗಳು ದೊಡ್ಡವುಗಳಲ್ಲಿ ಲೀನವಾದವು. ಹೊಲಗಳಿಂದ ಹರಿದ ಸಾರಜನಕ ಕೆರೆ ಕಡಲುಗಳನ್ನು ಸೇರಿತು. 1986ರಲ್ಲಿ ಕಟ್ಟೆಗಟ್ ಸಮುದ್ರದಲ್ಲಿ ಆಮ್ಲಜನಕವಿಲ್ಲದೆ ಸತ್ತ ನಳ್ಳಿಗಳನ್ನು ದೂರದರ್ಶನದಲ್ಲಿ ಕಂಡ ಜನ ಬೆಚ್ಚಿದರು. ಮರುವರ್ಷ, 1987ರಲ್ಲಿ, ಸರ್ಕಾರ ಸಾವಯವ ಕೃಷಿಗೆಂದೇ ಒಂದು ಕಾಯಿದೆ ತಂದಿತು.

ಆ ಕಾಯಿದೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಪರಿವರ್ತನೆಯ ಕಾಲಕ್ಕೆ ಇತ್ತ ಧನಸಹಾಯ. ರೈತ ಹೊಸತಿಗೆ ಒಗ್ಗುವವನಲ್ಲವೆಂದು ಪಟ್ಟಣದಲ್ಲಿ ಕುಳಿತು ಹೇಳುವ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಲೆಕ್ಕವನ್ನಾದರೂ ನೋಡಬೇಡವೆ? ಯೂರೋಪಿನ ನಿಯಮದಂತೆ ಮೇವಿನ ಹೊಲ ಸಾವಯವವೆನಿಸಲು ಸಾಮಾನ್ಯವಾಗಿ ಎರಡು ವರ್ಷ ಬೇಕು. ಕರೆಯುವ ಹಸುವಿಗೆ ಆರು ತಿಂಗಳು. ಗೊಬ್ಬರ ಬಿಟ್ಟೊಡನೆ ಇಳುವರಿ ಇಳಿಯುತ್ತದೆ, ಹೆಚ್ಚಿನ ಬೆಲೆ ಮಾತ್ರ ಕೂಡಲೇ ಬರುವುದಿಲ್ಲ. ಈ ನಡುಗಾಲದಲ್ಲಿ ಮನೆ ನಡೆಯುವುದು ಹೇಗೆ? ರೈತನ ಹಿಂಜರಿಕೆಯಲ್ಲಿರುವುದು ಈ ಪ್ರಶ್ನೆ, ಅದು ಮೌಢ್ಯವಲ್ಲ.

1993ರಲ್ಲಿ ಸಹಕಾರಿ ಅಂಗಡಿಗಳು ಸಾವಯವ ಹಾಲಿನ ಬೆಲೆ ಇಳಿಸಿದಾಗ ಬೇಡಿಕೆ ಪೂರೈಕೆಯನ್ನು ಮೀರಿತು. ಡೇರಿಗಳು ಹೆಚ್ಚಿನ ಬೆಲೆಯ ಭರವಸೆಯಿತ್ತು ರೈತರನ್ನು ಕರೆದವು, ಅನೇಕರು ಬಂದರು. ಬಂದವರು ಹೆಚ್ಚಾದಾಗ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಹಾಲು ಮಿಕ್ಕಿತು. ಸಾವಯವ ಹಾಲಿನ ದೊಡ್ಡದೊಂದು ಪಾಲು ಸಾಮಾನ್ಯ ಹಾಲಾಗಿಯೇ ಮಾರಾಟವಾಯಿತು. ಕೆಲವರು ಹಳೆಯ ಪದ್ಧತಿಗೆ ಹಿಂದಿರುಗಿದರು. ಅವರನ್ನು ಸೋತವರೆನ್ನಲು ನನಗೆ ಮನಸ್ಸು ಬಾರದು. ಉಳಿದವರ ಹಾಲಿಗೆ ಪೇಟೆ ಮೆಲ್ಲಮೆಲ್ಲನೆ ಮತ್ತೆ ಕುದುರಿತು. ಈಗ ಅಲ್ಲಿನ ಅಂಗಡಿಗಳಲ್ಲಿ ಜನ ಕೊಳ್ಳುವ ಹಾಲಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಸಾವಯವದ್ದು.