ಪದ ಪರಿಚಯ: ಕೂಲಿ

ಕೂಲಿ (ನಾಮಪದ): ದುಡಿಮೆಗೆ ಸಲ್ಲುವ ಹಣ ಅಥವಾ ಧಾನ್ಯ; ಬಳಕೆಯಲ್ಲಿ, ಹಾಗೆ ದುಡಿಯುವ ಆಳು.

ಇದು ದ್ರಾವಿಡ ಪದ. ಕನ್ನಡ, ತಮಿಳು, ಮಲಯಾಳ, ತೆಲುಗು ನಾಲ್ಕರಲ್ಲೂ ಇದೆ. ಮೂಲದಲ್ಲಿ ಅದು ಹಣದ ಹೆಸರು, ಮನುಷ್ಯನದಲ್ಲ. ಮನುಷ್ಯನಿಗೆ ಕೂಲಿಯಾಳು, ಕೂಲಿಕಾರ ಎಂಬ ಮಾತುಗಳಿದ್ದವು. ಪದದಲ್ಲಿ ಕೀಳುತನವೂ ಇರಲಿಲ್ಲ. ಅಕ್ಷರ ಕಲಿಸುತ್ತಿದ್ದ ಹಳ್ಳಿಯ ಶಾಲೆಯೇ 'ಕೂಲಿಮಠ'.

ವಸಾಹತು ಕಾಲದಲ್ಲಿ ಫಿಜಿ, ಮಾರಿಷಸ್, ದಕ್ಷಿಣ ಆಫ್ರಿಕಾಗಳಿಗೆ ಒಪ್ಪಂದದ ಮೇಲೆ ಸಾಗಿಸಿದ ಜನರಿಗೆಲ್ಲ ಈ ಹೆಸರು ಅಂಟಿ ಬೈಗುಳವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರನ್ನೂ 'ಕೂಲಿ ಬ್ಯಾರಿಸ್ಟರ್' ಎಂದೇ ಕರೆದರು.

ಆ ಬೈಗುಳವನ್ನೇ ಮುಲ್ಕ್ ರಾಜ್ ಆನಂದ್ 1936ರಲ್ಲಿ ಕಾದಂಬರಿಯ ಹೆಸರಾಗಿಸಿದರು. ಬೆಟ್ಟದೂರಿನ ಹುಡುಗ ಮುನ್ನೂ ಬೊಂಬಾಯಿಯ ಹತ್ತಿ ಗಿರಣಿ ಸೇರುತ್ತಾನೆ, ಮಾಲೀಕರ ವಿರುದ್ಧದ ಮುಷ್ಕರವನ್ನು ಕಾಣುತ್ತಾನೆ, ಕೊನೆಗೆ ಶಿಮ್ಲಾದಲ್ಲಿ ರಿಕ್ಷಾ ಎಳೆದು ಕ್ಷಯದಿಂದ ಸಾಯುತ್ತಾನೆ. ಮರುವರ್ಷದ ಅವರ 'ಟೂ ಲೀವ್ಸ್ ಅಂಡ್ ಎ ಬಡ್' ಅಸ್ಸಾಮಿನ ಚಹಾ ತೋಟದ ಕಥೆ.

ಅತ್ತಿಗುಂಡಿಯ ಆಸುಪಾಸಿನ ಕಾಫಿ ಸೀಮೆಯಲ್ಲಿ ಪದಕ್ಕೆ ಆಳು, ಹಣ ಎಂಬ ಎರಡೂ ಅರ್ಥಗಳು ಉಳಿದಿವೆ. ಕೂಲಿ ಲೈನು ಎಂದರೆ ಕಾರ್ಮಿಕರ ಸಾಲುಮನೆ. ದಿನಗೂಲಿ ಎಂದರೆ ದಿನದ ಲೆಕ್ಕದ ಸಂಬಳ. ಬಟವಾಡೆ ಎಂದರೆ ಅದನ್ನು ಹಂಚುವುದು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವು, ಶಿಶುಪಾಲನಾ ಕೋಣೆ ಇವನ್ನು ಮಾಲೀಕರ ಹೊಣೆಯಾಗಿಸಿತು. ಕಾನೂನಿನ ಭಾಷೆಯಲ್ಲಿ ದುಡಿಯುವವರು ಕಾರ್ಮಿಕರು.

ನಾವೂ ಹಾಗೆಯೇ ಬಳಸೋಣ: ಕೂಲಿ ಎಂಬುದು ಅವರಿಗೆ ಸಲ್ಲಬೇಕಾದ ಹಕ್ಕಿನ ಹೆಸರಾಗಿರಲಿ, ಅವರ ಹೆಸರಾಗುವುದು ಬೇಡ.