ಕ್ಲಚ್: ಹಿಡಿಯೋದು, ಬಿಡೋದು

ಅಕ್ಕಲಕೋಟ ತಾಲೂಕಿನ ಕುರನೂರ ಬೋರಿ ನದಿಯ ಅಣೆಕಟ್ಟಿನಿಂದ ಹೆಸರಾದ ಊರು. ಕನ್ನಡ, ಮರಾಠಿ ಎರಡೂ ಆಡುವ ಈ ಸೀಮೆಯಲ್ಲಿ ಬೈಕಿನ ಮಾತೂ ಜೋಡಿಯಾಗಿ ನಡೆಯುತ್ತದೆ. ಮರಾಠಿಯಲ್ಲಿ ‘ಕಿಕ್ ಮಾರ’, ಕನ್ನಡದಲ್ಲಿ ‘ಕಿಕ್ ಹೊಡಿ’. ಬಟನ್ ಬಂದ ಮೇಲೆ ‘ಸೆಲ್ಫ್ ಹೊಡಿ’. ‘ಸ್ಟಾರ್ಟರ್’ ಎಂಬ ಬಾಲ ಉದುರಿಹೋಗಿದೆ. ಕ್ಲಚ್ಚಿಗೆ ಮಾತ್ರ ನಮ್ಮವರು ಹಚ್ಚಿದ ಕ್ರಿಯಾಪದ ‘ಹಿಡಿ’.

ನನಗಿದು ಬಲು ಇಷ್ಟ. ಇಂಗ್ಲಿಷಿನಲ್ಲೂ ಕ್ಲಚ್ ಎಂದರೆ ಬಿಗಿಯಾಗಿ ಹಿಡಿಯುವುದೇ. ಒಳಗೆ ಸ್ಪ್ರಿಂಗುಗಳು ಪ್ಲೇಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ. ಲಿವರ್ ಎಳೆದೊಡನೆ ಅವು ಸಡಿಲಾಗಿ ಎಂಜಿನ್ನಿಗೂ ಗೇರಿಗೂ ನಂಟು ತಪ್ಪುತ್ತದೆ. ಕೈ ಹಿಡಿದಾಗ ಒಳಗಿನದು ಬಿಡುತ್ತದೆ, ಕೈ ಬಿಟ್ಟಾಗ ಒಳಗಿನದು ಹಿಡಿಯುತ್ತದೆ!

‘ಮೊದಲ ಕ್ಲಚ್ ಹಿಡಿ, ಆಮ್ಯಾಲ ಸೆಲ್ಫ್ ಹೊಡಿ’ ಎಂದು ಗಾಡಿ ಕಲಿಯುವ ಹುಡುಗನಿಗೆ ಹೇಳುವುದುಂಟು. ಈಗಿನ ಎಷ್ಟೋ ಬೈಕುಗಳಲ್ಲಿ ಲಿವರಿನ ಬುಡಕ್ಕೆ ಪುಟ್ಟ ಸ್ವಿಚ್ಚೊಂದಿದೆ. ಗೇರಿನಲ್ಲಿದ್ದಾಗ ಕ್ಲಚ್ ಹಿಡಿಯದೆ ಬಟನ್ ಒತ್ತಿದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟೇ ಹೋಗದು, ಗಾಡಿ ಮುಂದಕ್ಕೆ ಜಿಗಿಯದು. ಹಲವು ಮಾದರಿಗಳಲ್ಲಿ ಸೈಡ್ ಸ್ಟ್ಯಾಂಡ್ ಎತ್ತದೆ ಗೇರ್ ಹಾಕಿದರೆ ಎಂಜಿನ್ನೇ ನಿಲ್ಲುತ್ತದೆ.