ಎರಡು ಕಂಪ್ಯೂಟರು, ನಲವತ್ತು ವರ್ಷದ ಬೀಗಗಳು

ಹಾಲ್‌ನಲ್ಲೊಂದು ಡೆಸ್ಕ್‌ಟಾಪು, ರೂಮಿನಲ್ಲೊಂದು ಲ್ಯಾಪ್‌ಟಾಪು. ಎರಡೂ ಒಂದೇ ರೂಟರಿಗೆ ಅಂಟಿಕೊಂಡಿವೆ, ಎರಡರಲ್ಲೂ ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತೆ. ಆದರೆ ಇದರಲ್ಲಿರುವ ಮದುವೆ ಫೋಟೋಗಳ ಫೋಲ್ಡರು ಅದಕ್ಕೆ ಕಾಣಿಸಲ್ಲ. ಅಮೆರಿಕದಲ್ಲಿರೋರಿಗೆ ಫೋಟೋ ಕಳಿಸೋದು ಒಂದು ನಿಮಿಷದ ಕೆಲಸ, ಹತ್ತು ಹೆಜ್ಜೆ ಆಚೆಗಿರೋ ಕಂಪ್ಯೂಟರಿಗೆ ಮಾತ್ರ ಪೆನ್ ಡ್ರೈವೇ ಗತಿ!

ಸಾಫ್ಟ್‌ವೇರ್ ಕೆಲಸ ಅಂತ ಗೊತ್ತಾದರೆ ಸಾಕು, ನೆಂಟರ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯೋ ಹೊತ್ತಿಗೆ ಈ ಸಮಸ್ಯೆ ನಮ್ಮ ಮುಂದೆ ಬಂದಿರುತ್ತೆ. ಎಷ್ಟೋ ಸಲ ಹೀಗೆ ರಿಪೇರಿಗೆ ಕೂತ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕಂಪ್ಯೂಟರು ಹೇಳುವ ಒಂದೊಂದು "ಆಗಲ್ಲ"ದ ಹಿಂದೆಯೂ ಒಂದು ಇಸವಿ ಇದೆ. ಯಾವ ಇಸವಿಯ ಬೀಗ ಅಂತ ಗೊತ್ತಾದರೆ ಕೀಲಿ ಹುಡುಕೋದು ಸುಲಭ.

ಕಥೆ ಶುರುವಾಗೋದು 1983ರಲ್ಲಿ, ಐಬಿಎಂನಲ್ಲಿ. ಬ್ಯಾರಿ ಫೈಗನ್‌ಬಾಮ್ ಎಂಬ ಇಂಜಿನಿಯರ್‌ಗೆ ಒಂದು ಆಲೋಚನೆ ಬಂತು. ಡಾಸ್‌ನಲ್ಲಿ ಒಂದು ಪ್ರೋಗ್ರಾಂ "ಈ ಫೈಲು ತೆಗಿ" ಅಂತ ಕೇಳಿದಾಗ, ಆ ಕೋರಿಕೆಯನ್ನು ಸ್ವಂತ ಡಿಸ್ಕಿಗೆ ಕಳಿಸುವ ಬದಲು ತಂತಿಯ ಮೇಲೆ ಪಕ್ಕದ ಕಂಪ್ಯೂಟರಿಗೆ ಯಾಕೆ ಕಳಿಸಬಾರದು? ಇದಕ್ಕೆ ಮೊದಲು ತನ್ನದೇ ಇನಿಷಿಯಲ್ಸ್ ಸೇರಿಸಿ ಬಿಎಎಫ್ ಅಂತ ಹೆಸರಿಟ್ಟಿದ್ದನಂತೆ. ಆಮೇಲೆ ಅದು ಎಸ್‌ಎಂಬಿ ಆಯಿತು, ಅಂದ್ರೆ ಸರ್ವರ್ ಮೆಸೇಜ್ ಬ್ಲಾಕ್. ಇವತ್ತು ವಿಂಡೋಸ್‌ನಲ್ಲಿ ನೀವು ಫೋಲ್ಡರು ಶೇರ್ ಮಾಡಿದರೂ ಅದೇ ಎಸ್‌ಎಂಬಿಯ ಮೊಮ್ಮಗ ಓಡಾಡುತ್ತಿರುತ್ತಾನೆ.

ಹೆಸರಿನ ವ್ಯವಸ್ಥೆ ಬಂದದ್ದು ಇನ್ನೊಂದು ಕಡೆಯಿಂದ. ಐಬಿಎಂನ ಪಿಸಿ ನೆಟ್‌ವರ್ಕಿಗಾಗಿ ಸೈಟೆಕ್ ಎಂಬ ಕಂಪನಿ ನೆಟ್‌ಬಯಾಸ್ ಅನ್ನು ಮಾಡಿಕೊಟ್ಟಿತು. ಅದರ ರೀತಿ ನಮ್ಮ ಹಳೇ ವಠಾರದ ಥರ. ಯಾರು ಯಾವ ಮನೆ ಅನ್ನೋದಕ್ಕೆ ಪಟ್ಟಿ ಇಲ್ಲ. ಅಂಗಳದಲ್ಲಿ ನಿಂತು "ರೀ ಪದ್ಮಮ್ನೋರೇ, ಇದೀರಾ?" ಅಂತ ಕೂಗೋದು, ಇದ್ದವರು ಓಗೊಡೋದು, ಅಷ್ಟೇ. ಹೆಸರಿಗೆ ಹದಿನಾರು ಬೈಟು ಜಾಗ. ಅದರಲ್ಲಿ ಕೊನೆಯದನ್ನು ಯಾವ ಸೇವೆ ಅಂತ ಹೇಳೋಕೆ ಮೈಕ್ರೋಸಾಫ್ಟ್ ಎತ್ತಿಟ್ಟುಕೊಂಡಿತು. ಕಂಪ್ಯೂಟರಿನ ಹೆಸರಿಗೆ 15 ಅಕ್ಷರದ ಮಿತಿ ಬಂದದ್ದು ಹೀಗೆ.

1987ರ ಮಾರ್ಚಿನಲ್ಲಿ ಬಂದ ಆರ್‌ಎಫ್‌ಸಿ 1001 ಮತ್ತು 1002 ಈ ಕೂಗಾಟವನ್ನು ಇಂಟರ್‌ನೆಟ್ಟಿನ ಟಿಸಿಪಿ/ಐಪಿ ಮೇಲೆ ಹೇಗೆ ನಡೆಸಬೇಕು ಅಂತ ಬರೆದಿಟ್ಟವು. ಆದರೆ ವಠಾರದ ಕೂಗು ಪಕ್ಕದ ಬೀದಿಗೆ ಕೇಳಿಸಲ್ಲ, ನೋಡಿ. ಮನೆಯಲ್ಲಿ ಎರಡು ರೂಟರು ಇದ್ದು ಒಂದೊಂದು ಕಂಪ್ಯೂಟರು ಒಂದೊಂದಕ್ಕೆ ಸೇರಿದ್ದರೆ, ಅಥವಾ ಒಂದು ಲ್ಯಾಪ್‌ಟಾಪು ಗೆಸ್ಟ್ ವೈ-ಫೈನಲ್ಲಿದ್ದರೆ, ಹೆಸರು ಹಿಡಿದು ಎಷ್ಟು ಕರೆದರೂ ಉತ್ತರ ಬರೋದು ಕಷ್ಟ. ಆದ್ದರಿಂದ ಮೊದಲು ಎರಡರ ಐಪಿ ವಿಳಾಸ ನೋಡಿ ಅನ್ನೋದು. ಒಂದು 192.168.1ರಿಂದ, ಇನ್ನೊಂದು 192.168.0ಯಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಅವು ಬೇರೆ ಬೇರೆ ವಠಾರ!

1992ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ತಂದಿತು. ಸರ್ವರ್ ಅಂತ ಪ್ರತ್ಯೇಕ ಯಂತ್ರ ಬೇಡ, ಎಲ್ಲರೂ ಎಲ್ಲರಿಗೂ ಕೊಡಬಹುದು. ಹಾಗಾದರೆ ಯಾರ್‍ಯಾರು ಇದ್ದಾರೆ ಅನ್ನೋ ಪಟ್ಟಿ ಇಟ್ಟುಕೊಳ್ಳೋರು ಯಾರು? ಅದಕ್ಕೆ ಕಂಪ್ಯೂಟರುಗಳು ತಮ್ಮೊಳಗೇ ಚುನಾವಣೆ ನಡೆಸುತ್ತಿದ್ದವು, ನಿಜವಾಗಲೂ! ಯಾರ ಆಪರೇಟಿಂಗ್ ಸಿಸ್ಟಂ ದೊಡ್ಡದು, ಯಾರು ಹೆಚ್ಚು ಹೊತ್ತಿನಿಂದ ಎದ್ದಿದ್ದಾರೆ ಅನ್ನೋದನ್ನೆಲ್ಲ ನೋಡಿ ಗೆದ್ದವರು ಮಾಸ್ಟರ್ ಬ್ರೌಸರ್. ಉಳಿದವರು ಹನ್ನೆರಡು ನಿಮಿಷಕ್ಕೊಮ್ಮೆ "ನಾನಿದ್ದೀನಿ" ಅಂತ ಹಾಜರಿ ಹೇಳಬೇಕು. ಮೂರು ಸಲ ಹೇಳದಿದ್ದರೆ ಹೆಸರು ಕಟ್. ಅಂದ್ರೆ ಪ್ಲಗ್ ಕಿತ್ತ ಕಂಪ್ಯೂಟರು ಇನ್ನೂ 36 ನಿಮಿಷ ಪಟ್ಟಿಯಲ್ಲಿ ಬದುಕಿರಬಹುದು. "ಕಾಣಿಸ್ತಾ ಇದೆ, ಆದ್ರೆ ತೆರೆಯಲ್ಲ" ಅನ್ನುವ ಆ ಕಾಲದ ಎಷ್ಟೋ ದೂರುಗಳ ಗುಟ್ಟು ಇದೇ. ಇದರ ಮೇಲೆ ಎಕ್ಸ್‌ಪಿ ಹೋಮ್ ಇದ್ದವರ ವರ್ಕ್‌ಗ್ರೂಪಿನ ಹೆಸರು ಎಂಎಸ್‌ಹೋಮ್, ಎಕ್ಸ್‌ಪಿ ಪ್ರೊಫೆಷನಲ್ ಇದ್ದವರದ್ದು ವರ್ಕ್‌ಗ್ರೂಪ್. ಒಂದೇ ಮನೆಯಲ್ಲಿ ಎರಡು ಮತಕ್ಷೇತ್ರ!

ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ನಡೆದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. 1991ರ ಕೊನೆಯಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪಿಎಚ್‌ಡಿ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್, ಡಾಸ್ ಯಂತ್ರವೊಂದಕ್ಕೆ ಯುನಿಕ್ಸ್ ಯಂತ್ರದಿಂದ ಫೈಲು ಕೊಡುವ ಪ್ರೋಗ್ರಾಂ ಬರೆದ. ಆ ಭಾಷೆಯ ವಿವರ ಅವನ ಬಳಿ ಇರಲಿಲ್ಲ. ತಂತಿಯ ಮೇಲೆ ಹೋಗಿ ಬರುವ ಮಾತನ್ನು ಕದ್ದು ಕೇಳಿಸಿಕೊಂಡೇ ಕಲಿತ. ಭಾಷೆ ಬಾರದ ಊರಿನ ಹೋಟೆಲಿನಲ್ಲಿ ಕೂತು, ಯಾರು ಏನು ಕೇಳಿದರೆ ಮಾಣಿ ಏನು ತಂದಿಡ್ತಾನೆ ಅಂತ ನೋಡ್ತಾ ನೋಡ್ತಾ ಭಾಷೆ ಕಲಿಯುವ ರೀತಿ ಅದು ಅಂತ ಮುಂದೆ ಅವನೇ ವಿವರಿಸಿದ. ಆಮೇಲೆ ಆ ಕೆಲಸ ಮೂಲೆ ಸೇರಿತು. ಸುಮಾರು ಎರಡು ವರ್ಷದ ನಂತರ ಹೆಂಡತಿಯ ವಿಂಡೋಸ್ ಪಿಸಿಯನ್ನು ತನ್ನ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕಾಗಿ ಬಂದಾಗ ಹಳೇ ಪ್ರೋಗ್ರಾಂ ಹೊರಗೆ ತೆಗೆದ. ಕೆಲಸ ಮಾಡಿತು! ಅಲ್ಲಿಯವರೆಗೂ ಅವನು ಬರೆದದ್ದು ಎಸ್‌ಎಂಬಿ ಅಂತ ಅವನಿಗೇ ಗೊತ್ತಿರಲಿಲ್ಲ.

ಇಟ್ಟಿದ್ದ ಹೆಸರಿಗೆ ಇನ್ನೊಂದು ಕಂಪನಿಯ ಟ್ರೇಡ್‌ಮಾರ್ಕ್ ಅಡ್ಡ ಬಂದಾಗ, ಕಂಪ್ಯೂಟರಿನಲ್ಲಿದ್ದ ನಿಘಂಟಿನಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿದ. ಸಿಕ್ಕ ಪದ ಸಾಂಬಾ. ಇವತ್ತು ಮನೆಗಳಲ್ಲಿ ಇಡುವ ಎಷ್ಟೋ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗಳ ಒಳಗೆ ಓಡುತ್ತಿರುವುದು ಅದೇ ಸಾಂಬಾ.

ಇಲ್ಲಿಯವರೆಗಿನ ಕಥೆಯಲ್ಲಿ ಒಂದು ನಂಬಿಕೆ ಇತ್ತು: ಒಳಗಿರೋರೆಲ್ಲ ನಮ್ಮೋರು. ಪಾಸ್‌ವರ್ಡ್ ಕೂಡ ತಂತಿಯ ಮೇಲೆ ಹಾಗೇ ಬೆತ್ತಲಾಗಿ ಹೋಗಬಹುದಿತ್ತು. 1997ರಲ್ಲಿ ವಿಂಡೋಸ್ ಎನ್‌ಟಿ 4ರ ಮೂರನೇ ಸರ್ವಿಸ್ ಪ್ಯಾಕ್ ಅದನ್ನು ನಿಲ್ಲಿಸಿತು. 2001ರ ಎಕ್ಸ್‌ಪಿ, ಪಾಸ್‌ವರ್ಡ್ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಗೆ ಬರೋದನ್ನು ತಡೆಯಿತು. ಮನೆಯಲ್ಲಿ ಪಾಸ್‌ವರ್ಡ್ ಯಾಕೆ ಅಂತ ಖಾಲಿ ಬಿಟ್ಟವರಿಗೆ ಇವತ್ತಿಗೂ ಬಾಗಿಲು ಹಾಕಿಕೊಳ್ಳುವುದು ಇದೇ ಬೀಗದಿಂದ.

2003ರ ಆಗಸ್ಟಿನಲ್ಲಿ ಬ್ಲಾಸ್ಟರ್, 2004ರಲ್ಲಿ ಸ್ಯಾಸರ್ ಎಂಬ ಹುಳುಗಳು ಬಂದವು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ನೆಟ್‌ಗೆ ಸೇರಿದರೆ ಸಾಕು. ಸ್ಯಾಸರ್ ನುಗ್ಗಿದ್ದು 445ನೇ ಪೋರ್ಟಿನಿಂದ, ಅಂದ್ರೆ ಫೈಲು ಹಂಚುವ ಅದೇ ಬಾಗಿಲಿನಿಂದ. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು. ನಮ್ಮ ವೈ-ಫೈಯನ್ನು "ಪಬ್ಲಿಕ್" ಅಂತ ಗುರುತಿಸಿದ್ದರೆ ಇವತ್ತು ವಿಂಡೋಸ್ ಬಾಯಿ ಮುಚ್ಚಿಕೊಂಡಿರುವುದು ಆ ಪಾಠದಿಂದಲೇ. ಅದನ್ನು "ಪ್ರೈವೇಟ್" ಮಾಡಿದರೆ ಎಷ್ಟೋ ಸಲ ಕೆಲಸ ಮುಗೀತು. ಫೈರ್‌ವಾಲನ್ನೇ ಆರಿಸೋದು ಬೇಡ.

ಆಮೇಲೆ 2017. ಅಮೆರಿಕದ ಎನ್‌ಎಸ್‌ಎ ಗುಟ್ಟಾಗಿ ಇಟ್ಟುಕೊಂಡಿದ್ದ ಎಟರ್ನಲ್‌ಬ್ಲೂ ಎಂಬ ಆಯುಧ ಏಪ್ರಿಲ್‌ನಲ್ಲಿ ಬಯಲಾಯಿತು. ಅದು ಎಸ್‌ಎಂಬಿಯ ಮೊದಲನೇ ಆವೃತ್ತಿಯ ಬಿರುಕನ್ನು ಬಳಸುವಂಥದ್ದು. ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿದ್ದರೂ ಹಾಕಿಕೊಳ್ಳದವರು ಲಕ್ಷಗಟ್ಟಲೆ ಇದ್ದರು. ಮೇ 12ರಂದು ವನ್ನಾಕ್ರೈ ಹಬ್ಬಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಬೇರೆಡೆಗೆ ಕಳಿಸಬೇಕಾಯಿತು. ಪಿಸಿಗಳನ್ನು ಜೋಡಿಸೋಕೆ ಹುಟ್ಟಿದ ಒಂದು ಸಣ್ಣ ಅನುಕೂಲ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ ಒಂದು ಇಲ್ಲವಾಯಿತು. ಅದರ ಜೊತೆಗೆ ಅದನ್ನೇ ನಂಬಿದ್ದ ಆ ಹಳೇ ಚುನಾವಣೆಯೂ ಹೋಯಿತು. "ನೆಟ್‌ವರ್ಕ್ ತೆರೆದರೆ ಪಕ್ಕದ ಕಂಪ್ಯೂಟರೇ ಇಲ್ಲ!" ಅಂತ ಜನ ಗಾಬರಿಯಾದರು. ಕಂಪ್ಯೂಟರು ಅಲ್ಲೇ ಇರುತ್ತೆ, ಹಾಜರಿ ಕೂಗೋರು ಇಲ್ಲ, ಅಷ್ಟೇ. ಎರಡು ಓರೆಗೆರೆ ಹಾಕಿ ಐಪಿ ವಿಳಾಸ ಟೈಪ್ ಮಾಡಿದರೆ ಬಾಗಿಲು ತೆರೆಯುತ್ತೆ. 2024ರ ವಿಂಡೋಸ್ 11ರ 24ಎಚ್2 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಸಂದೇಶಕ್ಕೂ ಸಹಿ ಇರಬೇಕು ಅಂತು. ಪ್ರೊ ಆವೃತ್ತಿಯಲ್ಲಿ ಹೆಸರಿಲ್ಲದ ಅತಿಥಿಯಾಗಿ ಬೇರೆ ಯಂತ್ರಕ್ಕೆ ಹೋಗುವ ದಾರಿಯೂ ಮುಚ್ಚಿತು. ಹಳೇ ಸ್ಟೋರೇಜ್ ಪೆಟ್ಟಿಗೆಗಳು ಏಕಾಏಕಿ ಮುನಿಸಿಕೊಂಡದ್ದು ಇದಕ್ಕೇ.

ಹಾಗಾಗಿ ರಿಪೇರಿಗೆ ಕೂತಾಗ ಇಸವಿಗಳ ಕ್ರಮದಲ್ಲೇ ಹೋಗಿ. ಎರಡೂ ಒಂದೇ ವಠಾರದಲ್ಲಿವೆಯಾ? ಹೆಸರು ಬಿಟ್ಟು ಐಪಿ ಹಿಡಿದು ಕರೆದರೆ ಓಗೊಡುತ್ತಾ? ಖಾತೆಗೆ ಪಾಸ್‌ವರ್ಡ್ ಇದೆಯಾ? ನೆಟ್‌ವರ್ಕ್ ಪ್ರೈವೇಟಾ? ಕೊನೆಗೆ, ಎರಡೂ ಎಸ್‌ಎಂಬಿಯ ಎರಡನೆಯದನ್ನೋ ಮೂರನೆಯದನ್ನೋ ಮಾತಾಡುತ್ತವೆಯಾ?

"ಎಸ್‌ಎಂಬಿ ಒಂದನ್ನು ಆನ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಎವ್ರಿವನ್‌ಗೆ ಪೂರ್ತಿ ಅನುಮತಿ ಕೊಡಿ" ಎನ್ನುವ ಸಲಹೆ ಕೊಡೋರು ಈಗಲೂ ಇದ್ದಾರೆ. ಕೆಲಸವೇನೋ ಆಗುತ್ತೆ. ಆದರೆ ಹಾಗೆ ಮಾಡಿದಾಗ ನಾವು ಬಿಚ್ಚೋದು ಒಂದು ಸೆಟ್ಟಿಂಗ್ ಅಲ್ಲ. 1997, 2004, 2017ರಲ್ಲಿ ಯಾರ್‍ಯಾರೋ ಪೆಟ್ಟು ತಿಂದು ಹಾಕಿಸಿದ ಬೀಗಗಳನ್ನು ಒಂದೇ ಸಂಜೆಯಲ್ಲಿ ಕಿತ್ತುಹಾಕ್ತೀವಿ. ಫೈಲು ಕಾಪಿ ಆದ ಮೇಲೆ ಅವನ್ನು ಮತ್ತೆ ಹಾಕೋಕೆ ಯಾರಿಗೂ ನೆನಪಿರಲ್ಲ.